ಸಾಲ ಕಟ್ಟದಿದ್ದರೆ ಜೈಲು: ಅಂದು ಮತ್ತು ಇಂದು

"ಕಂತು ಕಟ್ಟದಿದ್ದರೆ ಜೈಲಿಗೆ ಹಾಕಸ್ತೀವಿ." ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಸಾಲ ಮಾಡಿದವರಿಗೆ ಈ ಮಾತು ಹೊಸದಲ್ಲ. ಒಂದು ಕಾಲಕ್ಕೆ ಇದು ಬರೀ ಬೆದರಿಕೆಯಾಗಿರಲಿಲ್ಲ.

ಆಗ ನಮ್ಮ ಬೆಳಗಾವಿ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. 1859ರ ಸಿವಿಲ್ ಕಾಯ್ದೆಯಂತೆ, ಕೋರ್ಟಿನಿಂದ ಡಿಕ್ರಿ ತಂದ ಸಾವುಕಾರ ಸಾಲಗಾರನನ್ನು 2 ವರ್ಷದವರೆಗೂ ಜೈಲಿನಲ್ಲಿ ಇಡಿಸಬಹುದಿತ್ತು. ಒಳಗಿದ್ದವನ ಊಟದ ಖರ್ಚನ್ನು ಸಾವುಕಾರನೇ ಕಟ್ಟಬೇಕಿತ್ತು. ಆದರೂ ಜೈಲಿನ ಹೆದರಿಕೆಗೇ ರೈತರು ಹೊಸ ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದರು.

1875ರಲ್ಲಿ ಪುಣೆ, ಅಹ್ಮದನಗರ ಜಿಲ್ಲೆಗಳ ರೈತರು ಸಿಡಿದೆದ್ದು ಸಾವುಕಾರರ ಸಾಲಪತ್ರಗಳನ್ನು ಸುಟ್ಟರು. 1879ರಲ್ಲಿ ದಖನ್ ರೈತರ ಪರಿಹಾರ ಕಾಯ್ದೆ ಬಂತು. ಹಣದ ಡಿಕ್ರಿಗಾಗಿ ರೈತನನ್ನು ಬಂಧಿಸುವಂತಿಲ್ಲ ಎಂದಿತು. ಆದರೆ ಮೊದಲು ಅದು ಜಾರಿಯಾದದ್ದು ಪುಣೆ, ಸಾತಾರಾ, ಸೋಲಾಪುರ, ಅಹ್ಮದನಗರಕ್ಕೆ ಮಾತ್ರ. ಬೆಳಗಾವಿ ರೈತ ಹೊರಗೇ ಉಳಿದ.

ಈಗಿರುವುದು 1908ರ ಸಿವಿಲ್ ಕಾಯ್ದೆ. ಅದರಲ್ಲೂ ಸೆರೆ ಇದೆ, ಹೆಚ್ಚೆಂದರೆ 3 ತಿಂಗಳು. ಹಣದ ಡಿಕ್ರಿಗಾಗಿ ಹೆಣ್ಣುಮಕ್ಕಳನ್ನು ಬಂಧಿಸುವಂತೆಯೇ ಇಲ್ಲ. ಇಲ್ಲದವನನ್ನು ಬಡತನಕ್ಕಾಗಿ ಜೈಲಿಗೆ ಹಾಕಬಾರದು, ಇದ್ದೂ ಕೊಡದೆ ಆಟ ಆಡಿಸುವವನಿಗಷ್ಟೇ ಸೆರೆ ಎಂದು 1980ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಚೆಕ್ ಬೌನ್ಸ್ ಕೇಸು ಮಾತ್ರ ಬೇರೆ, ಅದು ಕ್ರಿಮಿನಲ್.

2025ರ ಫೆಬ್ರವರಿಯಲ್ಲಿ ಲೆಕ್ಕ ತಿರುಗಿತು. ಕಿರುಕುಳ ಕೊಟ್ಟು ಸಾಲ ವಸೂಲಿ ಮಾಡುವುದನ್ನು ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ತಪ್ಪಿತಸ್ಥರಿಗೆ 10 ವರ್ಷದವರೆಗೆ ಜೈಲು.

ಸಾಲ ತೀರಿಸಬೇಕಾದದ್ದೇ. ಆದರೆ ಇನ್ನೊಮ್ಮೆ ಯಾರಾದರೂ ಬಾಗಿಲಿಗೆ ಬಂದು ಜೈಲಿನ ಹೆಸರು ಹೇಳಿದರೆ ಕೇಳಿ: "ಯಾವ ಕೋರ್ಟಿನ ಆದೇಶ? ಕಾಗದ ತೋರಸ್ರಿ."