ಪ್ರಶ್ನೆಪತ್ರಿಕೆಯಲ್ಲಿ ಇಲ್ಲದ ಕನ್ನಡ

ಮುಂಬಯಿಯ ಫೋರ್ಟ್ ಭಾಗದಲ್ಲಿ ಓಡಾಡುವ ನಾವೆಲ್ಲ ರಾಜಾಬಾಯಿ ಗೋಪುರದ ಗಡಿಯಾರವನ್ನು ನೋಡುತ್ತೇವೆ. ಅದರಡಿಯ ಗ್ರಂಥಾಲಯದತ್ತ ಕಣ್ಣು ಹಾಯಿಸುವವರು ಕಡಿಮೆ. ಎರಡಕ್ಕೂ ಹಣ ಕೊಟ್ಟವರು ಪ್ರೇಮಚಂದ್ ರಾಯಚಂದ್. ಗೋಪುರಕ್ಕೆ ಇರುವುದು ಅವರ ತಾಯಿಯ ಹೆಸರು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (1861–65) ಹತ್ತಿಯ ಬೆಲೆ ಗಗನಕ್ಕೇರಿದಾಗ ಮುಂಬಯಿಯಲ್ಲಿ ಹೊಳೆಯಂತೆ ಹರಿದ ಹಣ ಅದು. ಧಾರವಾಡ ಸೀಮೆಯ ಹತ್ತಿಗೂ ಆಗ ಒಳ್ಳೆಯ ಗಿರಾಕಿಯಿತ್ತು.

ಗೋಪುರ ಪೂರ್ಣಗೊಂಡದ್ದು 1878ರಲ್ಲಿ, ವಿಶ್ವವಿದ್ಯಾಲಯ ಹುಟ್ಟಿದ್ದು 1857ರಲ್ಲಿ. ನಡುವಿನ ಇಪ್ಪತ್ತು ವರ್ಷ ಇಂಥದೊಂದು ಗ್ರಂಥಾಲಯ ಭವನವಿಲ್ಲದೆಯೇ ಅದು ನಡೆಯಿತು. ಅಡ್ಡಿಯೇನೂ ಆಗಲಿಲ್ಲ. ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ಸ್ಥಾಪನೆಯಾದ ಆ ಮೂರು ಸಂಸ್ಥೆಗಳ ಕೆಲಸ ಪಾಠ ಹೇಳುವುದಲ್ಲ, ಪರೀಕ್ಷೆ ನಡೆಸಿ ಪದವಿ ಕೊಡುವುದು. ಪಾಠವೆಲ್ಲ ಕಾಲೇಜುಗಳ ಪಾಲಿಗೆ.

ಇಂಗ್ಲಿಷ್ ಕಲಿತವರಿಗೆ ಸರ್ಕಾರಿ ನೌಕರಿಯಲ್ಲಿ ಆದ್ಯತೆಯೆಂದು ಗವರ್ನರ್ ಜನರಲ್ ಹಾರ್ಡಿಂಜ್ 1844ರಲ್ಲೇ ಸಾರಿದ್ದರು. ಓದಿಗೂ ಅನ್ನಕ್ಕೂ ಗಂಟು ಬಿದ್ದದ್ದು ಹೀಗೆ. ಶಿಫಾರಸು ಮಾಡುವವರಿಲ್ಲದ ಮನೆಯ ಹುಡುಗನಿಗೆ ಪರೀಕ್ಷೆಯೇ ಬಾಗಿಲಾಯಿತೆಂಬುದನ್ನು ನಾವು ಅಲ್ಲಗಳೆಯಲಾರೆವು. 1859ರಲ್ಲಿ ಮುಂಬಯಿಯ ಮೊದಲ ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ತೇರ್ಗಡೆಯಾದವರಲ್ಲಿ ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಗೋಪಾಳ ಭಾಂಡಾರಕರ್ ಇದ್ದರು. ಪರೀಕ್ಷೆ ಅವರ ಜ್ಞಾನದಾಹವನ್ನೇನೂ ಆರಿಸಲಿಲ್ಲ.

ಕೆಟ್ಟದ್ದು ಬೇರೆ ಕಡೆ. 1860ರ ದಶಕದಲ್ಲಿ ಮುಂಬಯಿ ವಿಶ್ವವಿದ್ಯಾಲಯವು ದೇಶಭಾಷೆಗಳನ್ನು ಪದವಿ ಪರೀಕ್ಷೆಗಳಿಂದ ಕೈಬಿಟ್ಟು, ಸಂಸ್ಕೃತ, ಲ್ಯಾಟಿನ್‌ಗಳಂಥ ಅಭಿಜಾತ ಭಾಷೆಗಳನ್ನು ಉಳಿಸಿಕೊಂಡಿತು. ಧಾರವಾಡ, ಬೆಳಗಾವಿ, ವಿಜಾಪುರಗಳ ತರುಣರು ಪದವಿಗಾಗಿ ಎದುರಿಸಬೇಕಾಗಿದ್ದುದು ಇದೇ ಪರೀಕ್ಷೆಯನ್ನು. ಕನ್ನಡವನ್ನು ಯಾರೂ ನಿಷೇಧಿಸಲಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಅದು ಇರಲಿಲ್ಲ, ಅಷ್ಟೇ. ಅಂಕವಿಲ್ಲದ ವಿಷಯಕ್ಕೆ ದೀಪದ ಎಣ್ಣೆ ಸುಡುವವರು ಯಾರು? ಶೇಕ್ಸ್‌ಪಿಯರನನ್ನೂ ಕಾಳಿದಾಸನನ್ನೂ ಓದಿ, ಪಂಪನ ಒಂದು ಪದ್ಯವನ್ನೂ ಓದದೆ ಧಾರವಾಡದ ಹುಡುಗನೊಬ್ಬ ಬಿ.ಎ. ಆಗಬಹುದಿತ್ತು.

ದೇಶಭಾಷೆಗಳನ್ನು ಮರಳಿ ತರಲು ದೀರ್ಘಕಾಲ ಹೆಣಗಿದವರಲ್ಲಿ, ಆ ಪರೀಕ್ಷೆಯ ಮೊದಲ ಫಲವಾದ ರಾನಡೆಯವರೇ ಮುಂದಿದ್ದರು. 1901ರಲ್ಲಿ ತೀರಿಕೊಳ್ಳುವವರೆಗೂ ಆ ಚಿಂತೆ ಅವರನ್ನು ಬಿಡಲಿಲ್ಲ. ಧಾರವಾಡದಲ್ಲಿ ಎಂ.ಎ. ಪದವೀಧರರಾದ ರಾ. ಹ. ದೇಶಪಾಂಡೆಯವರು 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದರು. ಸಂಘ ಪುಸ್ತಕ ಬರೆಸಿತು, ‘ವಾಗ್ಭೂಷಣ’ ಪತ್ರಿಕೆ ತಂದಿತು. ಅದನ್ನು ಓದಿದವರಿಗೆ ಬಡ್ತಿ ಸಿಗುತ್ತಿರಲಿಲ್ಲ, ಸಂಬಳವೂ ಏರುತ್ತಿರಲಿಲ್ಲ. ಆದರೂ ಓದಿದರು.

ನಮ್ಮ ಬಳಗದ ಭಾನುವಾರದ ಕನ್ನಡ ತರಗತಿಗೆ ಎಂಟನೆಯ ಇಯತ್ತೆಯವರೆಗೆ ಮಕ್ಕಳು ಬರುತ್ತಾರೆ. ಒಂಬತ್ತನೆಯದಕ್ಕೆ ಪ್ರವೇಶಪರೀಕ್ಷೆಯ ಕೋಚಿಂಗ್ ಶುರುವಾಗುತ್ತದೆ. ಸ್ಕೂಟರಿನಲ್ಲಿ ಅಲ್ಲಿಗೆ ಬಿಟ್ಟುಬರುವವರು ನಾವೇ. ಮೊನ್ನೆ ತಾಯಿಯೊಬ್ಬರು ಸಂಕೋಚದಿಂದಲೇ ಕೇಳಿದರು: “ಕನ್ನಡಕ್ಕೆ ಸರ್ಟಿಫಿಕೇಟ್ ಏನಾದ್ರೂ ಕೊಡ್ತೀರೇನ್ರಿ?” ಒಂದನ್ನು ಅಚ್ಚು ಹಾಕಿಸುವ ಮಾತು ನಮ್ಮಲ್ಲಿ ನಡೆದಿದೆ.