ಅರ್ಧ ಸಂಬಳದ ದಿನಗಳು: ಹಳೆಯ ಬೆಂಗಳೂರಿನಲ್ಲಿ ಲೇ-ಆಫ್

ಕೆಲಸಗಾರನ ಹೆಸರು ಹಾಜರಿ ಪುಸ್ತಕದಲ್ಲಿ ಇದ್ದ ಹಾಗೆಯೇ ಇರುತ್ತದೆ, ಮಾಡಲು ಕೆಲಸ ಮಾತ್ರ ಸಿಗುವುದಿಲ್ಲ. ಕಾನೂನು ಲೇ-ಆಫ್ ಎನ್ನುವುದು ಈ ಸ್ಥಿತಿಯನ್ನು. ವಜಾ ಆದವನಿಗೆ ಬೇರೆ ದಾರಿ ಹುಡುಕುವ ಸ್ವಾತಂತ್ರ್ಯವಾದರೂ ಇದೆ. ಲೇ-ಆಫ್ ಆದವನು ಇವತ್ತು ಕರೆದಾರು, ನಾಳೆ ಕರೆದಾರು ಎಂದು ಕಾಯುತ್ತಾನೆ.

ಬೆಂಗಳೂರಿನ ಪಶ್ಚಿಮ ಭಾಗದ ಬಡಾವಣೆಗಳಿಗೆ ಈ ಕಾಯುವಿಕೆಯನ್ನು ಪರಿಚಯಿಸಿದ್ದು ಬಟ್ಟೆ ಗಿರಣಿಗಳು. ಹನುಮಂತನಗರ, ಗವಿಪುರ, ಚಾಮರಾಜಪೇಟೆಗಳ ಕಡೆಯಿಂದ ಮೈಸೂರು ರಸ್ತೆ ದಾಟಿ ಮುಂದೆ ಹೋದರೆ ಬಿನ್ನಿಪೇಟೆ. 1884ರಲ್ಲಿ ಹುಟ್ಟಿ ಎರಡು ವರ್ಷಗಳಲ್ಲಿ ಬಿನ್ನಿ ಕಂಪನಿಯ ಆಡಳಿತಕ್ಕೆ ಬಂದ ಗಿರಣಿಯೇ ಆ ಪೇಟೆಗೆ ಹೆಸರು ಕೊಟ್ಟದ್ದು. ಮಾಗಡಿ ರಸ್ತೆಯ ಕಡೆ ಮಿನರ್ವ ಮಿಲ್, ಮಲ್ಲೇಶ್ವರದಲ್ಲಿ ರಾಜಾ ಮಿಲ್ ಇದ್ದವು. ಯುದ್ಧಕಾಲದಲ್ಲಿ ಸೈನ್ಯಕ್ಕೆ ಖಾಕಿ, ಕಂಬಳಿ ಬೇಕಾದಾಗ ಮಗ್ಗಗಳಿಗೆ ಬಿಡುವಿರಲಿಲ್ಲ. ಬೇಡಿಕೆ ಇಳಿದಾಗ ಗೋದಾಮು ತುಂಬುತ್ತಿತ್ತು, ಮಗ್ಗ ನಿಲ್ಲುತ್ತಿತ್ತು. ಆ ದಿನಗಳ ಕೂಲಿ ಯಾರು ಕೊಡಬೇಕು ಎಂಬುದಕ್ಕೆ ಬಹುಕಾಲ ಕಾನೂನಿನಲ್ಲಿ ಉತ್ತರವೇ ಇರಲಿಲ್ಲ.

ಉತ್ತರ ಬಂದದ್ದು 1953ರಲ್ಲಿ. ದೇಶದ ಜವಳಿ ಗಿರಣಿಗಳಲ್ಲಿ ಮಾರಾಟವಾಗದ ಬಟ್ಟೆ ರಾಶಿ ಬಿದ್ದು ಸಾಮೂಹಿಕ ಲೇ-ಆಫ್ ಆಗುವ ಭಯ ಹುಟ್ಟಿದಾಗ, ಕೇಂದ್ರ ಸರ್ಕಾರ ಅಕ್ಟೋಬರ್ 24ರಂದು ಸುಗ್ರೀವಾಜ್ಞೆ ಹೊರಡಿಸಿತು. ಅದೇ ಮುಂದೆ 1947ರ ಕೈಗಾರಿಕಾ ವಿವಾದ ಕಾಯ್ದೆಗೆ ತಿದ್ದುಪಡಿಯಾಗಿ ಸೇರಿತು. ಕಲ್ಲಿದ್ದಲು, ವಿದ್ಯುತ್, ಕಚ್ಚಾ ಸಾಮಗ್ರಿಗಳ ಕೊರತೆ, ದಾಸ್ತಾನಿನ ಏರಿಕೆ, ಯಂತ್ರ ಕೆಡುವುದು ಇಂಥ ಕಾರಣಗಳಿಂದ ಕೆಲಸ ಕೊಡಲಾಗದಿದ್ದರೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟನ್ನು ಕೊಡಬೇಕೆಂದು ಅದು ಹೇಳಿತು. ಪರಿಹಾರ ಪಡೆಯಲು ಒಂದು ವರ್ಷದ ನಿರಂತರ ಸೇವೆ ಆಗಿರಬೇಕು. ನಿಗದಿತ ಹೊತ್ತಿಗೆ ದಿನಕ್ಕೆ ಒಮ್ಮೆಯಾದರೂ ಗೇಟಿಗೆ ಬಂದು ಹಾಜರಿ ಹಾಕಬೇಕು. ಬಂದ ಎರಡು ಗಂಟೆಯೊಳಗೆ ಕೆಲಸ ಸಿಗದಿದ್ದರೆ ಆ ದಿನ ಲೇ-ಆಫ್. ಐದು ಮೈಲಿಯೊಳಗೆ ಮಾಲೀಕ ತೋರಿಸಿದ ಸೂಕ್ತವಾದ ಬೇರೆ ಕೆಲಸವನ್ನು ಬೇಡವೆಂದರೆ ಪರಿಹಾರ ಇಲ್ಲ. ಒಟ್ಟಿನಲ್ಲಿ ಕೆಲಸವಿಲ್ಲದ ದಿನವೂ ಮಿಲ್ಲಿನ ದಾರಿ ತಪ್ಪುತ್ತಿರಲಿಲ್ಲ.

ಈ ನಿಯಮದ ಬೇಲಿಯಾಚೆ ನಿಂತವರೇ ಹೆಚ್ಚು. ರಜೆ ಹಾಕಿದವರ ಜಾಗಕ್ಕೆ ಕರೆಸಿಕೊಳ್ಳುವ ಬದಲಿ ಕೆಲಸಗಾರರಿಗೆ ಮತ್ತು ಕ್ಯಾಶುವಲ್ ಕೆಲಸಗಾರರಿಗೆ ಅರ್ಧ ಸಂಬಳದ ಹಕ್ಕಿರಲಿಲ್ಲ. ಐವತ್ತಕ್ಕಿಂತ ಕಡಿಮೆ ಜನರಿರುವ ಘಟಕಗಳು, ಹಂಗಾಮಿನಲ್ಲಿ ಮಾತ್ರ ನಡೆಯುವ ಉದ್ಯಮಗಳು ಹೊರಗುಳಿದವು. ಕಾಯ್ದೆಯ ಲೇ-ಆಫ್ ಅಧ್ಯಾಯದ ಲೆಕ್ಕದಲ್ಲಿ ಉದ್ಯಮ ಎಂದರೆ ಕಾರ್ಖಾನೆ, ಗಣಿ, ತೋಟ ಇಷ್ಟೇ. ಅಂಗಡಿ, ಹೋಟೆಲು, ಕಚೇರಿಗಳು ಅದರಲ್ಲಿ ಬರುವುದಿಲ್ಲ. ಬಸವನಗುಡಿ ಸುತ್ತಿನ ಪುಟ್ಟ ಮುದ್ರಣಾಲಯವಾಗಲಿ ದರ್ಶಿನಿಯಾಗಲಿ ಬಾಗಿಲು ಹಾಕಿದರೆ ಈ ನಿಯಮದ ಆಸರೆ ಅಲ್ಲಿಯವರಿಗೆ ಇಲ್ಲ. ಆದರೂ 1976ರಲ್ಲಿ ಸುಪ್ರೀಂ ಕೋರ್ಟು ಫೈರ್‌ಸ್ಟೋನ್ ಟೈರ್ ಕಂಪನಿಯ ಪ್ರಕರಣದಲ್ಲಿ ಕುತೂಹಲದ ತೀರ್ಪು ಕೊಟ್ಟಿತು: ಲೇ-ಆಫ್ ಮಾಡುವ ಅಧಿಕಾರ ಒಪ್ಪಂದದಲ್ಲಾಗಲಿ ಸಂಸ್ಥೆಯ ಸ್ಥಾಯಿ ಆದೇಶದಲ್ಲಾಗಲಿ (ಸೇವಾ ನಿಯಮ) ಇಲ್ಲದಿದ್ದರೆ ಮಾಲೀಕ ಪೂರ್ತಿ ಸಂಬಳವನ್ನೇ ಕೊಡಬೇಕು. ಕಾಗದದ ಮೇಲೆ ಸಣ್ಣ ಘಟಕದವನ ಹಕ್ಕೇ ಹೀಗೆ ದೊಡ್ಡದಾಯಿತು. ಅದನ್ನು ವಸೂಲು ಮಾಡಲು ಕೋರ್ಟಿಗೆ ಅಲೆಯುವ ಶಕ್ತಿ ಅವನಿಗಿತ್ತೇ ಎಂಬುದು ಬೇರೆ ಮಾತು.

ಕರ್ನಾಟಕದಲ್ಲಿ ಲೇ-ಆಫ್‌ಗೆ ಮಳೆಯ ನಂಟೂ ಇತ್ತು. 1985ರಲ್ಲಿ ರಾಯಚೂರು ಶಾಖೋತ್ಪನ್ನ ಕೇಂದ್ರ ಶುರುವಾಗುವವರೆಗೆ ರಾಜ್ಯದ ವಿದ್ಯುತ್ ಬಹುಪಾಲು ಶರಾವತಿಯಂಥ ನದಿಗಳಿಂದಲೇ ಬರಬೇಕಿತ್ತು. ಮಲೆನಾಡಿನಲ್ಲಿ ಮುಂಗಾರು ಕೈಕೊಟ್ಟರೆ ಲಿಂಗನಮಕ್ಕಿ ಜಲಾಶಯದ ನೀರು ಇಳಿದು, ಬೆಂಗಳೂರಿನ ಕಾರ್ಖಾನೆಗಳಿಗೆ ವಿದ್ಯುತ್ ಕಡಿತವಾಗುತ್ತಿತ್ತು. 1976ರ ತಿದ್ದುಪಡಿ 300ಕ್ಕಿಂತ ಕಡಿಮೆಯಿಲ್ಲದ ಕಾರ್ಮಿಕರಿರುವ ಕಾರ್ಖಾನೆಗಳು ಲೇ-ಆಫ್‌ಗೆ ಸರ್ಕಾರದ ಪೂರ್ವಾನುಮತಿ ಪಡೆಯಬೇಕೆಂದಿತು. 1984ರಲ್ಲಿ ಜಾರಿಗೆ ಬಂದ ಬದಲಾವಣೆ ಆ ಮಿತಿಯನ್ನು 100ಕ್ಕೆ ಇಳಿಸಿತು. ವಿದ್ಯುತ್ ಕೊರತೆ ಮತ್ತು ನೈಸರ್ಗಿಕ ವಿಪತ್ತಿಗೆ ಮಾತ್ರ ವಿನಾಯಿತಿ ಇತ್ತು. ಬೆಂಗಳೂರಿನವರು ಹೆಚ್ಚಾಗಿ ಕಂಡ ಕಾರಣಕ್ಕೇ ಅನುಮತಿ ಬೇಕಿರಲಿಲ್ಲ ಎಂದಾಯಿತು. 2020ರ ಕೈಗಾರಿಕಾ ಸಂಬಂಧ ಸಂಹಿತೆ ಮಿತಿಯನ್ನು ಮತ್ತೆ 300ಕ್ಕೆ ಏರಿಸಿದೆ.

ಅಷ್ಟರಲ್ಲಿ ಗಿರಣಿಗಳೇ ಸೊರಗತೊಡಗಿದ್ದವು. ಅವುಗಳಲ್ಲಿ ಮಿನರ್ವ ಮಿಲ್ಲಿನ ಹೆಸರು ದೇಶದ ವಕೀಲರಿಗೆಲ್ಲ ಗೊತ್ತು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಮುಟ್ಟುವಂತಿಲ್ಲ ಎಂದ 1980ರ ಪ್ರಸಿದ್ಧ ತೀರ್ಪಿಗೆ ಆ ಹೆಸರಿದೆ. ಮೊಕದ್ದಮೆಯ ಮೂಲದಲ್ಲಿದ್ದದ್ದು ರೋಗಗ್ರಸ್ತವಾದ ಒಂದು ಬೆಂಗಳೂರು ಗಿರಣಿ. 1971ರಲ್ಲಿ ಸರ್ಕಾರ ಅದರ ಆಡಳಿತ ವಹಿಸಿಕೊಂಡಿತು, 1974ರ ಕಾಯ್ದೆಯಂತೆ ರಾಷ್ಟ್ರೀಕರಣವಾಯಿತು. ಸರ್ಕಾರದ ಕೈಗೆ ಹೋದದ್ದರಿಂದ ನೌಕರಿ ಕೆಲಕಾಲ ಉಳಿಯಿತು, ಗಿರಣಿ ಉಳಿಯಲಿಲ್ಲ. ಈಗ ರಾಜಾ ಮಿಲ್ಲಿನ ಜಾಗದಲ್ಲೂ ಬಿನ್ನಿ ಮಿಲ್ಲಿನ ಜಾಗದಲ್ಲೂ ಮಾಲ್‌ಗಳಿವೆ.

ಅರ್ಧ ಸಂಬಳ ಸಾಲದೆ ಹೋದಾಗ ಅಥವಾ ಬರದೇ ಇದ್ದಾಗ ಮನೆ ನಡೆಸಿದ್ದು ಬೇರೆ ವ್ಯವಸ್ಥೆ. ದಿನಸಿ ಅಂಗಡಿಯ ಉದ್ದರಿ ಲೆಕ್ಕ, ಚೀಟಿ, ಕೈಸಾಲ, ಗಿರವಿ ಅಂಗಡಿ ಒಂದು ಕಡೆ; ಮನೆಯಲ್ಲೇ ಕೂತು ಹೆಂಗಸರು ಊದುಬತ್ತಿ ಹೊಸೆದು ಗಳಿಸಿದ ಕಾಸು ಇನ್ನೊಂದು ಕಡೆ. ಕಾರ್ಖಾನೆಯ ಸಹಕಾರ ಸಂಘ ಇಂಥ ಹೊತ್ತಿನಲ್ಲಿ ಅಷ್ಟಾಗಿ ಒದಗುತ್ತಿರಲಿಲ್ಲ, ಏಕೆಂದರೆ ಸಾಲದ ಕಂತು ಸಂಬಳದಲ್ಲೇ ಮುರಿಯಬೇಕು, ಜಾಮೀನು ನಿಂತ ಸಹೋದ್ಯೋಗಿಯೂ ಅದೇ ಗೇಟಿನ ಹೊರಗೆ ನಿಂತಿರುತ್ತಾನೆ.

ಕೊನೆಯ ಆಸರೆ ಭವಿಷ್ಯನಿಧಿ. ಕಾರ್ಖಾನೆ 15 ದಿನಕ್ಕೂ ಹೆಚ್ಚು ಮುಚ್ಚಿ ಪರಿಹಾರ ಸಿಗದಿದ್ದರೆ, ಇಲ್ಲವೇ ಎರಡು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಸಂಬಳ ಬಾರದಿದ್ದರೆ ಮರಳಿಸಬೇಕಿಲ್ಲದ ಮುಂಗಡ ತೆಗೆಯಲು ಭವಿಷ್ಯನಿಧಿಯ 1952ರ ಯೋಜನೆ ಅವಕಾಶ ಕೊಟ್ಟಿತು. ಮುಪ್ಪಿಗೆಂದು ಇಟ್ಟ ಹಣ ಹೀಗೆ ನಿರುದ್ಯೋಗದ ವಿಮೆಯಾಯಿತು. ಗಿರಣಿಗಳ ನಂತರ ಬಂದ ಸಿದ್ಧ ಉಡುಪು ಕಾರ್ಖಾನೆಗಳ ಹೆಂಗಸರು ಇದನ್ನು ಚೆನ್ನಾಗಿ ಬಲ್ಲರು. ಮಾಲೀಕರ ಪಾಲಿನ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮ 2016ರಲ್ಲಿ ಬಂದಾಗ, ಏಪ್ರಿಲ್ 18 ಮತ್ತು 19ರಂದು ಅವರು ಬೆಂಗಳೂರಿನ ರಸ್ತೆಗಳನ್ನು ತುಂಬಿದರು. 19ರಂದೇ ಕೇಂದ್ರ ಅದನ್ನು ಹಿಂತೆಗೆದುಕೊಂಡಿತು.

ನಾಲ್ಕು ವರ್ಷಗಳ ನಂತರದ ಕೋವಿಡ್ ಲಾಕ್‌ಡೌನಿನಲ್ಲಿ ಅಂಗಡಿ, ಕಾರ್ಖಾನೆ, ಕಚೇರಿ ಒಟ್ಟಿಗೇ ನಿಂತವು. 2020ರ ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ ಪೂರ್ತಿ ಸಂಬಳ ಕೊಡಬೇಕೆಂದು ಆದೇಶಿಸಿತು, ಮೇ ತಿಂಗಳಲ್ಲಿ ಆ ಆದೇಶ ಕೈಬಿಟ್ಟಿತು. ನೌಕರರ ರಾಜ್ಯ ವಿಮೆ ಅಂದರೆ ಇಎಸ್‌ಐ ವ್ಯಾಪ್ತಿಯಲ್ಲಿದ್ದವರಿಗೆ 2018ರಲ್ಲಿ ಶುರುವಾದ ಅಟಲ್ ಯೋಜನೆಯ ನಿರುದ್ಯೋಗ ಭತ್ಯೆ ಸರಾಸರಿ ಗಳಿಕೆಯ ಕಾಲು ಭಾಗದಿಂದ ಅರ್ಧಕ್ಕೆ ಏರಿತು, ಗರಿಷ್ಠ 90 ದಿನಗಳಿಗೆ. ಆದರೆ ಇಎಸ್‌ಐಗೆ ತಿಂಗಳ ಸಂಬಳ 21,000 ರೂಪಾಯಿ ಮೀರಬಾರದು. ಮೀರಿದ ಸಂಬಳದ, ಕಾರ್ಖಾನೆಯಲ್ಲದ ಕಚೇರಿಯ ಸಾಫ್ಟ್‌ವೇರ್ ನೌಕರನಿಗೆ ಅಟಲ್ ಭತ್ಯೆಯೂ ಇಲ್ಲ, 1953ರ ಅರ್ಧ ಸಂಬಳವೂ ಇಲ್ಲ. 2017ರಲ್ಲಿ ಹುಟ್ಟಿದ ಕರ್ನಾಟಕ ಐಟಿ ನೌಕರರ ಸಂಘ ಎತ್ತಿಕೊಂಡಿರುವ ವಿವಾದಗಳು ಈ ಖಾಲಿ ಜಾಗದವು.