ದೆಹಲಿಯ ಮೂರು ಚಿಮಣಿಗಳು ಕಲಿಸುವ ಪಾಠ



ದೆಹಲಿಯ ಇತಿಹಾಸ ಎಂದ ಕೂಡಲೇ ನಿಮಗೆ ನೆನಪಾಗುವುದೇನು? ಕುತುಬ್ ಮಿನಾರ್, ಕೆಂಪುಕೋಟೆ, ಸುಲ್ತಾನರು, ಮೊಘಲರು, 1857ರ ಹೋರಾಟ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಒಂದು ಊರಿನ ಇತಿಹಾಸವೆಂದರೆ ಅದನ್ನು ಆಳಿದವರ ಪಟ್ಟಿ ಮಾತ್ರವಲ್ಲ. ಅಲ್ಲಿನ ಜನ ಯಾವ ನೀರು ಕುಡಿದರು, ಎಂಥ ಗಾಳಿ ಉಸಿರಾಡಿದರು ಎಂಬುದೂ ಇತಿಹಾಸವೇ. ಉರ್ದುವಿನಲ್ಲಿ ‘ಶಹರ್ ಆಶೋಬ್’ ಎಂಬ ಕಾವ್ಯ ಪ್ರಕಾರವಿದೆ. ಹಾಳಾದ ನಗರವನ್ನು ಕಂಡು ಕವಿ ಮರುಗುವುದು ಅದರ ವಸ್ತು. 1857ರ ನಂತರ ದೆಹಲಿಯ ಬಗ್ಗೆ ಇಂಥ ಕವಿತೆಗಳು ಹೇರಳವಾಗಿ ಬಂದವು. ಕತ್ತಿ, ಫಿರಂಗಿ ಯಾವುದೂ ಇಲ್ಲದೆ ಅದೇ ದೆಹಲಿಯನ್ನು ಕಾಡಿದ ಹೊಗೆಯ ಕಥೆಯನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಸ್ವಾತಂತ್ರ್ಯ ಬಂದಾಗ ದೇಶದ ಬಹುಪಾಲು ಮನೆಗಳಲ್ಲಿ ಉರಿಯುತ್ತಿದ್ದುದು ಸೀಮೆಎಣ್ಣೆ ದೀಪ. ವಿಭಜನೆಯ ನಂತರ ಬಂದ ನಿರಾಶ್ರಿತರಿಂದ ದೆಹಲಿಯ ಜನಸಂಖ್ಯೆ ಒಮ್ಮೆಲೇ ಏರಿತು. ಕಾರ್ಖಾನೆಗೆ, ಆಸ್ಪತ್ರೆಗೆ, ಕುಡಿಯುವ ನೀರೆತ್ತಲು, ಎಲ್ಲದಕ್ಕೂ ವಿದ್ಯುತ್ ಬೇಕಿತ್ತು. 1960ರ ದಶಕದಲ್ಲಿ ಯಮುನೆಯ ದಡದಲ್ಲಿ ಇಂದ್ರಪ್ರಸ್ಥ ಶಾಖೋತ್ಪನ್ನ ವಿದ್ಯುತ್ ಕೇಂದ್ರ ತಲೆಯೆತ್ತಿತು. ನಗರದ ಆಗ್ನೇಯ ಅಂಚಿನ ಬದರಪುರದಲ್ಲಿ 1973ರಲ್ಲಿ ಮತ್ತೊಂದು ಕೇಂದ್ರದ ಮೊದಲ ಘಟಕ ಶುರುವಾಯಿತು. 1981ರ ಹೊತ್ತಿಗೆ ಅಲ್ಲಿ ಐದು ಘಟಕಗಳಾದವು. ಮುಂದೆ 1989-90ರಲ್ಲಿ ರಾಜಘಾಟ್ ಬಳಿ 135 ಮೆಗಾವಾಟ್‌ನ ಮೂರನೆಯದು ಸೇರಿತು. ಇವುಗಳನ್ನು ಕಟ್ಟಿದವರನ್ನು ಇಂದು ಕುಳಿತು ದೂಷಿಸುವುದು ಸುಲಭ. ಆದರೆ ಆ ದಿನಗಳಲ್ಲಿ ಹೊಗೆಯುಗುಳುವ ಚಿಮಣಿ ಪ್ರಗತಿಯ ಗುರುತಾಗಿತ್ತು ಎಂಬುದನ್ನು ನಾವು ಮರೆಯಬಾರದು.

ಹಾಗೆಂದು ಎಚ್ಚರಿಕೆಯ ಗಂಟೆ ಬಾರಿಸಿರಲಿಲ್ಲವೆಂದಲ್ಲ. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ ನಗರವನ್ನು ಕಲ್ಲಿದ್ದಲ ಹೊಗೆ ಬೆರೆತ ಮಂಜು ಮುಚ್ಚಿತು. ಮನೆಯ ಒಲೆಗಳ ಹೊಗೆಯ ಜೊತೆಗೆ ನಗರದೊಳಗಿನ ವಿದ್ಯುತ್ ಕೇಂದ್ರಗಳ ಹೊಗೆಯೂ ಅದರಲ್ಲಿತ್ತು. ಸತ್ತವರು ಸುಮಾರು 4,000 ಎಂದು ಮೊದಲು ಅಂದಾಜಿಸಲಾಯಿತು. ನಂತರದ ಸಂಶೋಧಕರು ಆ ಸಂಖ್ಯೆಯನ್ನು 12,000ದವರೆಗೂ ಹೇಳಿದ್ದಾರೆ. 1956ರಲ್ಲಿ ಬ್ರಿಟನ್ ಶುದ್ಧ ಗಾಳಿ ಕಾಯ್ದೆ ತಂದಿತು. ನಮ್ಮಲ್ಲಿ ವಾಯು ಮಾಲಿನ್ಯ ಕಾಯ್ದೆ ಬಂದದ್ದು 1981ರಲ್ಲಿ. ಅಷ್ಟರಲ್ಲಿ ಬದರಪುರದ ಹೆಚ್ಚಿನ ಘಟಕಗಳು ಸಿದ್ಧವಾಗಿದ್ದವು.

ಚಿಮಣಿಯಿಂದ ಬರುವುದು ಏನು ಎಂಬುದನ್ನೂ ತಿಳಿಯೋಣ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಬಹಳ. ನೂರು ಕಿಲೋ ಸುಟ್ಟರೆ ಮೂವತ್ತು, ನಲವತ್ತು ಕಿಲೋ ಬೂದಿ ಉಳಿಯುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಹಿಟ್ಟಿನಂಥ ಹಾರುಬೂದಿ. ಅದನ್ನು ಹಿಡಿಯಲು ವಿದ್ಯುದಾವೇಶದಿಂದ ಧೂಳನ್ನು ಸೆಳೆಯುವ ಯಂತ್ರಗಳಿವೆ. ಅವು ಹಳತಾದಂತೆ ಬೂದಿ ನುಣುಚಿಕೊಳ್ಳುತ್ತದೆ. ಅದರ ಜೊತೆ ಗಂಧಕದ ಡೈಆಕ್ಸೈಡ್, ಸಾರಜನಕದ ಆಕ್ಸೈಡ್‌ಗಳು ಹೊರಬೀಳುತ್ತವೆ. ಈ ಅನಿಲಗಳು ಗಾಳಿಯಲ್ಲೇ ಮಾರ್ಪಟ್ಟು, ಶ್ವಾಸಕೋಶದ ಆಳಕ್ಕಿಳಿಯುವ ಅತಿಸೂಕ್ಷ್ಮ ಕಣಗಳಾಗುತ್ತವೆ. ಹಳೆಯ ಘಟಕಕ್ಕೆ ಅಷ್ಟೇ ವಿದ್ಯುತ್ ಕೊಡಲು ಹೆಚ್ಚು ಕಲ್ಲಿದ್ದಲು ಬೇಕು. ಮುದಿಯಾದಷ್ಟೂ ಅದರ ಹೊಗೆ ಹೆಚ್ಚು. ಚಳಿಗಾಲದಲ್ಲಂತೂ ನೆಲದ ಬಳಿಯ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಗಾಳಿಯ ಪದರ ಪಾತ್ರೆಯ ಮುಚ್ಚಳದಂತೆ ಕೂರುತ್ತದೆ. ಹೊಗೆ ಮೇಲಕ್ಕೇರದೆ ಊರೊಳಗೇ ಸುತ್ತುತ್ತದೆ.

705 ಮೆಗಾವಾಟ್‌ನ ಬದರಪುರ ಕೇಂದ್ರದ ಲೆಕ್ಕವನ್ನೇ ನೋಡಿ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2015ರಲ್ಲಿ ದೇಶದ ಕಲ್ಲಿದ್ದಲು ಸ್ಥಾವರಗಳ ಅಧ್ಯಯನ ಪ್ರಕಟಿಸಿತು. ಅದರ ಪ್ರಕಾರ ಬದರಪುರ ದೆಹಲಿಗೆ ಕೊಡುತ್ತಿದ್ದ ವಿದ್ಯುತ್ ಶೇ. 8 ಮಾತ್ರ. ನಗರದ ವಿದ್ಯುತ್ ವಲಯದಿಂದ ಬರುತ್ತಿದ್ದ ಧೂಳಿನ ಕಣಗಳಲ್ಲಿ ಅದರ ಪಾಲು ಶೇ. 80ರಿಂದ 90! 1935ರಲ್ಲಿ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಕಟ್ಟಡಕ್ಕೆ ಅಡಿಗಲ್ಲು ಬಿದ್ದ ಓಖ್ಲಾ ಇಲ್ಲಿಂದ ಕೆಲವೇ ಕಿಲೋಮೀಟರ್. ಸುತ್ತಮುತ್ತ ಇರುವುದು ಹೆಚ್ಚಾಗಿ ದುಡಿದು ತಿನ್ನುವವರ ಬಡಾವಣೆಗಳು. ದೀಪ ಯಾರದೋ ಮನೆಯಲ್ಲಿ, ಬೂದಿ ಯಾರದೋ ಅಂಗಳದಲ್ಲಿ!

ಈ ಮೂರೂ ಚಿಮಣಿಗಳು ಒಂದೊಂದಾಗಿ ತಣ್ಣಗಾದವು. ಕಾಮನ್‌ವೆಲ್ತ್ ಕ್ರೀಡಾಕೂಟದ ವರ್ಷವಾದ 2010ಕ್ಕೆ ಮುನ್ನ ಇಂದ್ರಪ್ರಸ್ಥ ಕೇಂದ್ರ ನಿಂತಿತು. 2015ರಲ್ಲಿ ರಾಜಘಾಟ್ ಕೇಂದ್ರ ಮುಚ್ಚಿತು. 2016ರ ನವೆಂಬರಿನಲ್ಲಿ ದೆಹಲಿಯ ಶಾಲೆಗಳಿಗೆ ರಜೆ ಕೊಡಬೇಕಾಗುವಷ್ಟು ಹೊಗೆ ಕವಿದಾಗ ಬದರಪುರವನ್ನು ಹತ್ತು ದಿನ ನಿಲ್ಲಿಸಲಾಯಿತು. ಕಡೆಗೆ 2018ರ ಅಕ್ಟೋಬರ್ 15ರಂದು ಅದು ಶಾಶ್ವತವಾಗಿ ಮುಚ್ಚಿತು. ರಾಜಧಾನಿಯ ಗಡಿಯೊಳಗೆ ಕಲ್ಲಿದ್ದಲಿನಿಂದ ವಿದ್ಯುತ್ ತಯಾರಿಸುವುದು ಅಂದಿಗೆ ಕೊನೆಗೊಂಡಿತು.

ಹಾಗಾದರೆ ದೆಹಲಿಯ ಗಾಳಿ ಶುದ್ಧವಾಯಿತೇ? ಇಲ್ಲ. ವಾಹನಗಳ ಹೊಗೆ, ರಸ್ತೆಯ ಧೂಳು, ಸುಗ್ಗಿಯ ನಂತರ ಗದ್ದೆಯಲ್ಲಿ ಸುಡುವ ಕೂಳೆ ಇವೆಲ್ಲ ಇದ್ದೇ ಇವೆ. ದಾದ್ರಿ, ಝಜ್ಜರ್, ಪಾಣಿಪತ್‌ಗಳ ಕಲ್ಲಿದ್ದಲು ಸ್ಥಾವರಗಳೂ ದೂರವಿಲ್ಲ. ಗಾಳಿಗೆ ರಾಜ್ಯದ ಗಡಿ ತಿಳಿಯದು. ಆದ್ದರಿಂದಲೇ 2021ರ ನವೆಂಬರಿನಲ್ಲಿ ದೆಹಲಿಯಿಂದ 300 ಕಿಲೋಮೀಟರ್ ಒಳಗಿನ 11 ಸ್ಥಾವರಗಳ ಪೈಕಿ ಆರನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಕೇಂದ್ರ ಸರ್ಕಾರ 2015ರ ಡಿಸೆಂಬರಿನಲ್ಲಿ ಕಲ್ಲಿದ್ದಲು ಸ್ಥಾವರಗಳಿಗೆ ಬಿಗಿಯಾದ ಮಿತಿಗಳನ್ನು ವಿಧಿಸಿತು. ಗಡುವು ಮಾತ್ರ ಮತ್ತೆ ಮತ್ತೆ ಮುಂದೆ ಹೋಯಿತು. 2025ರಲ್ಲಿ ದೇಶದ ಹೆಚ್ಚಿನ ಸ್ಥಾವರಗಳಿಗೆ ಗಂಧಕ ನಿಯಂತ್ರಣ ಯಂತ್ರ ಅಳವಡಿಸುವುದರಿಂದಲೇ ವಿನಾಯಿತಿ ಸಿಕ್ಕಿತು.

‘ಇದು ದೆಹಲಿಯವರ ಕಷ್ಟ, ನಮಗೇನು?’ ಎಂದು ನೀವು ಕೇಳಬಹುದು. ರಾಯಚೂರಿನ ಶಕ್ತಿನಗರವನ್ನು ನೆನೆಯಿರಿ. ಕೃಷ್ಣಾ ತೀರದ ಆ ಕೇಂದ್ರದ ಮೊದಲ ಘಟಕ 1985ರಲ್ಲಿ ಆರಂಭವಾಯಿತು. ಮುಂದೆ ಎಂಟು ಘಟಕಗಳಾಗಿ 1,720 ಮೆಗಾವಾಟ್ ಮುಟ್ಟಿತು. ದಶಕಗಳ ಕಾಲ ನಾವು ಓದಿದ್ದು, ಬರೆದದ್ದು ಅದರ ಬೆಳಕಿನಲ್ಲೂ ಹೌದು. ಆ ಋಣವನ್ನು ಒಪ್ಪಿಕೊಳ್ಳೋಣ. ಅದರ ಮೊದಲ ಘಟಕಕ್ಕೂ ನಲವತ್ತು ವರ್ಷ ತುಂಬಿದೆ. ಮುದಿಯಾದ ಸ್ಥಾವರವನ್ನು ಯಾವಾಗ ನಿಲ್ಲಿಸಬೇಕು, ಅಲ್ಲಿ ದುಡಿಯುವವರ ಅನ್ನಕ್ಕೆ ಏನು ದಾರಿ, ಉಳಿದ ಬೂದಿಯನ್ನು ಏನು ಮಾಡಬೇಕು ಎಂಬ ಪ್ರಶ್ನೆಗಳಿಗೆ ನಾವೂ ಉತ್ತರ ಕೊಡಬೇಕಾಗುತ್ತದೆ. ಉತ್ತರಿಸುವ ವಯಸ್ಸಿಗೆ ಬರುವವರು ನೀವು.

ಆದ್ದರಿಂದ ವಿದ್ಯಾರ್ಥಿಗಳೇ, ಇದನ್ನು ಓದಿ ಮಡಚಿಡಬೇಡಿ. ಗಾಳಿಯ ಗುಣಮಟ್ಟ ಸೂಚ್ಯಂಕವನ್ನು ಓದುವುದು ಕಲಿಯಿರಿ. ನಿಮ್ಮ ಊರಿನ ಬಳಿ ಕಾರ್ಖಾನೆಯಿದ್ದರೆ ಅದರ ಹೊಗೆಯ ಅಳತೆಯನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ. ನಿಮ್ಮಲ್ಲಿ ಒಬ್ಬರು ಎಂಜಿನಿಯರ್, ಒಬ್ಬರು ವೈದ್ಯರು, ಒಬ್ಬರು ವಕೀಲರಾಗಿ ಈ ಪ್ರಶ್ನೆಯನ್ನು ಎತ್ತಿಕೊಳ್ಳಿ. ಮುಂದೊಂದು ದಿನ ಯಾರಾದರೂ ನಮ್ಮ ಕಾಲದ ಇತಿಹಾಸ ಬರೆಯುವಾಗ, ‘ಇವರಿಗೆ ಎಲ್ಲವೂ ಗೊತ್ತಿತ್ತು, ಆದರೂ ಸುಮ್ಮನಿದ್ದರು’ ಎಂದು ಬರೆಯುವಂತಾಗದಿರಲಿ.